ಬಾಲ ಕತ್ತರಿಸಿದ ಅಣಬೆ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಕೆಂಪು ಚೀಟಿ ಅಂಟಿಸಿದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ‘ರಿಜೆಕ್ಟ್’ ಎಂದು ಬರೆದಿದೆ, ಕೆಳಗೆ ನನ್ನದೇ ಸಹಿ ಇದೆ. ಮನೆಗೆ ಬಂದವರು ಫ್ರಿಜ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಫ್ರಿಜ್ ಚೆನ್ನಾಗಿಯೇ ಇದೆ. ರಿಜೆಕ್ಟ್ ಆದವಳು ನಾನು.

ಮೂವತ್ತೊಂದು ವರ್ಷ ನಾನು ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೆ. ಬಂದ ಮಾಲನ್ನು ಅಳೆಯುವುದು, ಪಾಸ್ ಅಥವಾ ರಿಜೆಕ್ಟ್ ಚೀಟಿ ಅಂಟಿಸುವುದು ನನ್ನ ಕೆಲಸ. ಯಜಮಾನರು ಅಲ್ಲೇ ಸ್ಟೋರ್ಸಿನಲ್ಲಿದ್ದರು. ಅವರು ಕಳಿಸಿದ್ದನ್ನು ನಾನು ಎಷ್ಟೋ ಸಲ ವಾಪಸು ಕಳಿಸಿದ್ದೇನೆ. ಸಂಸಾರವೂ ಹೆಚ್ಚುಕಡಿಮೆ ಹಾಗೆಯೇ ನಡೆದಿದೆ. ನಿವೃತ್ತಿಯಾದ ಮೇಲೂ ನಮ್ಮ ಮನೆ ಗಡಿಯಾರದ ಪ್ರಕಾರವೇ ನಡೆಯುತ್ತದೆ: ಐದಕ್ಕೆ ಏಳುವುದು, ಐದೂ ನಲವತ್ತಕ್ಕೆ ವಾಕಿಂಗ್, ಹನ್ನೊಂದೂ ಕಾಲಿಗೆ ಒಲೆ, ಹನ್ನೆರಡೂವರೆಗೆ ಊಟ. ಹನ್ನೆರಡೂವರೆಗೆ ಹಸಿವಾಗದವರು ಡಾಕ್ಟರಿಗೆ ತೋರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಾಲೊನಿ ಮೆಹದಿಪಟ್ಟಣಂ ಆಚೆಗಿದೆ. ಹಿಂದಿನ ಗೋಡೆಯಾಚೆ ಯಾರೂ ಕಟ್ಟಡ ಕಟ್ಟದೆ ಬಿಟ್ಟ ಒಂದಿಷ್ಟು ಕಾಡು ಉಳಿದಿದೆ. ಬೇವು, ಹುಣಸೆ, ಸೀತಾಫಲದ ಪೊದೆಗಳು, ಆನೆಗಾತ್ರದ ಬಂಡೆಗಳು, ಬಂಡೆಗಳ ನಡುವೆ ಕೆಂಪು ಹುತ್ತಗಳು. ಅದಕ್ಕೂ ಕಾಲೊನಿಗೂ ನಡುವೆ ಒಂದು ಚಿಕ್ಕ ಹಿಂಬಾಗಿಲು. ಕಾಡಿನಾಚೆಯ ತಗಡಿನ ಮನೆಗಳಿಂದ ಕೆಲಸಕ್ಕೆ ಬರುವವರು ಆ ಬಾಗಿಲಲ್ಲೇ ಕಾರ್ಡು ತೋರಿಸಿ ಒಳಗೆ ಬರುತ್ತಾರೆ.

ಹಾಗೆ ಬರುವವರಲ್ಲಿ ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳಿದ್ದಾಳೆ. ಗಂಡ ಸೆಂಟ್ರಿಂಗ್ ಕೆಲಸದವನು. ಈಕೆ ಕಾಲೊನಿಯ ಹುಲ್ಲಿಗೆ ನೀರು ಹಾಯಿಸುತ್ತಾಳೆ, ಮೆಟ್ಟಿಲು ಗುಡಿಸುತ್ತಾಳೆ, ನಮ್ಮದೂ ಸೇರಿ ಮೂರು ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಕಾಲೊನಿಯಲ್ಲಿ ನನ್ನೊಡನೆ ಕನ್ನಡದಲ್ಲಿ ಜಗಳವಾಡುವ ಏಕೈಕ ವ್ಯಕ್ತಿ ಆಕೆಯೇ ಆದ್ದರಿಂದ ನನಗೆ ಆಕೆಯ ಮೇಲೆ ವಿಶೇಷ ಪ್ರೀತಿ.

ಮೂರು ಮಳೆಗಾಲದ ಹಿಂದೆ ಆಕೆ ಒಂದು ಬೆಳಿಗ್ಗೆ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿದಳು. ಬಿಳಿ ಅಣಬೆಗಳು. ಒಂದೊಂದಕ್ಕೂ ಮೊಳದುದ್ದ ಬೇರಿನಂಥ ಬಾಲ, ಬಾಲದ ತುಂಬ ಕೆಂಪು ಮಣ್ಣು.

“ಹುತ್ತದ ಅಣಬಿರಿ ಅಮ್ಮಾರ. ರಾತ್ರಿ ಗುಡುಗ್ತಲ್ಲ, ಎದ್ದು ಕುಂತಾವ. ಸಾಹೇಬ್ರಿಗೆ ಮಾಡಿ ಹಾಕ್ರಿ, ಕೋಳಿನೂ ಬ್ಯಾಡ ಅಂತಾರ.”

ನಾನು ನೋಡಿದ್ದು ಅಣಬೆಯನ್ನಲ್ಲ, ಕಟ್ಟೆಯ ಮೇಲೆ ಉದುರಿದ ಮಣ್ಣನ್ನು. ಆ ಕ್ಷಣವೇ ಒಂದು ನಿಯಮ ಹೊರಡಿಸಿದೆ: ಇನ್ನು ಮುಂದೆ ಅಣಬೆ ನಮ್ಮ ಹೊಸ್ತಿಲು ದಾಟುವ ಮೊದಲು ಬಾಲ ಕತ್ತರಿಸಿರಬೇಕು.

“ಬಾಲ ಕೊಯ್ಯಬ್ಯಾಡ್ರಿ,” ಅಂದಳು ಆಕೆ. “ಬಾಲನ ಅದರ ಗುರುತು. ಹುತ್ತದ ಹೊಟ್ಟ್ಯಾಗಿಂದ ಬಂದೈತಿ ಅಂತ ಅದನ್ನ ನೋಡೇ ಹೇಳೂದು. ಹುಲ್ಲಿನಾಗ ಏಳೂ ನಾಯಿಕೊಡಿಗೆ ಬಾಲ ಇರೂದಿಲ್ಲ.”

“ನನ್ನ ಹತ್ರ ಬ್ಯಾರೆ ಪರೀಕ್ಷಾ ಅದಾವ,” ಅಂದೆ.

“ನಿಮ್ಮ ಫ್ಯಾಕ್ಟರ್ಯಾಗ ಬಾಲ ಕೊಯ್ದ ಮ್ಯಾಲೆ ಯಾವುದು ಎತ್ತು, ಯಾವುದು ಎಮ್ಮಿ ಅಂತ ಹುಡುಕ್ತಿದ್ರೇನ್ರಿ?”

ಯಜಮಾನರು ಪೇಪರಿನ ಹಿಂದೆ ನಕ್ಕಿದ್ದು ನನಗೆ ಕೇಳಿಸಿತು.

ಪರೀಕ್ಷೆ ಇದೆ ಅಂದಮೇಲೆ ಇರಲೇಬೇಕಲ್ಲ. ಬಲ್ಲವರನ್ನು ಕೇಳಿ, ಓದಿ ಕಲಿತೆ. ಅಣಬೆಯ ಕೊಡೆಯನ್ನು ಕತ್ತರಿಸಿ ಕಾಗದದ ಮೇಲೆ ಬೋರಲು ಹಾಕಿ, ಮೇಲೊಂದು ಗಾಜಿನ ಲೋಟ ಮುಚ್ಚಿಟ್ಟರೆ ನಾಲ್ಕೈದು ತಾಸಿನಲ್ಲಿ ಅದು ಸಣ್ಣ ಪುಡಿ ಉದುರಿಸುತ್ತದೆ. ಹುತ್ತದ ಅಣಬೆಯದು ತಿಳಿ ಗುಲಾಬಿ ಪುಡಿ, ಹುಲ್ಲಿನ ವಿಷದ ನಾಯಿಕೊಡೆಯದು ಹಸಿರು. ಕೋಠಿಗೆ ಬಸ್ಸಿನಲ್ಲಿ ಹೋಗಿ ಕಪ್ಪು ಬಿಳುಪು ಎರಡೂ ಬಣ್ಣದ ಡ್ರಾಯಿಂಗ್ ಶೀಟು ತಂದೆ. ಬೇಗಂ ಬಜಾರಿನಿಂದ ಅಣಬೆಗೆಂದೇ ಬೇರೆ ಚಾಕು, ಬೇರೆ ಬಿದಿರಿನ ಮೊರ ಬಂದವು. ಎರಡು ಮಳೆಗಾಲ ಎರಡೂ ಜಾತಿಯನ್ನು ಪಕ್ಕಪಕ್ಕ ಇಟ್ಟು ನೋಡಿದೆ.

ನೋಡಿದಷ್ಟೂ ನನಗೆ ಮೋಜೆನಿಸಿತು. ಎರಡೂ ಬಿಳಿ, ಎರಡೂ ಅಂಗೈಯಗಲ, ಎರಡಕ್ಕೂ ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಯಂಥ ಪದರ. ಅವಳಿ ಜವಳಿ ಎಂದರೂ ನಂಬಬೇಕು. ಹುತ್ತದ್ದು ಸ್ವಲ್ಪ ಬಿಗುಮಾನದ್ದು. ನೆತ್ತಿಯ ಮೇಲೆ ಮೊನಚಾದ ಉಬ್ಬು ಇಟ್ಟುಕೊಂಡು, ವರ್ಷಕ್ಕೆ ನಾಲ್ಕು ದಿನ ಮಾತ್ರ ದರ್ಶನ ಕೊಡುತ್ತದೆ. ಹುಲ್ಲಿನದು ಸಿಂಗಾರಗಿತ್ತಿ. ನೆತ್ತಿಯ ಮೇಲೆ ಸುಟ್ಟ ಹಪ್ಪಳದ ಚೂರಿನಂಥ ಕಂದು ಹಕ್ಕಳೆ, ಕಾಂಡಕ್ಕೆ ಮೇಲೆ ಕೆಳಗೆ ಜಾರುವ ಸಡಿಲ ಬಳೆ. ಕರೆಯದಿದ್ದರೂ ಬರುತ್ತದೆ, ಮಕ್ಕಳು ಆಡುವ ಜಾಗದಲ್ಲಿ ದುಂಡಗೆ ಕೂತು ಸಭೆ ನಡೆಸುತ್ತದೆ. ಆದರೆ ಜೋರು ಮಳೆ ಬಿದ್ದರೆ ಆ ಹಕ್ಕಳೆ ತೊಳೆದುಹೋಗುತ್ತದೆ, ಬಳೆಯೂ ಎಷ್ಟೋ ಸಲ ಕಳಚಿಬೀಳುತ್ತದೆ, ಎಳೆಯದಾಗಿದ್ದರೆ ಅಡಿಯ ಪದರವೂ ಬೆಳ್ಳಗೇ ಇರುತ್ತದೆ. ಆಗ ಅದನ್ನು ಬೇರೆ ಮಾಡಿ ತೋರಿಸುವುದು ಒಂದೇ: ಅದಕ್ಕೆ ಬಾಲವಿಲ್ಲ, ಬುಡ ಉಳ್ಳಾಗಡ್ಡಿಯಂತೆ ಗುಂಡಗಿರುತ್ತದೆ. ಇದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ನಾನೇ ಬರೆದದ್ದು. ಬರೆದು, ಬಾಲ ಕತ್ತರಿಸುವ ನಿಯಮವನ್ನು ಹಾಗೆಯೇ ಇಟ್ಟುಕೊಂಡವಳೂ ನಾನೇ.

ಕಳೆದ ಶ್ರಾವಣದ ಒಂದು ಸೋಮವಾರ. ಹಿಂದಿನ ದಿನ ಚೆನ್ನಾಗಿ ಮಳೆಯಾಗಿತ್ತು. ಆರೂವರೆಗೆ ಆಕೆ ಹತ್ತು ಅಣಬೆ ತಂದಳು, ನಿಯಮದಂತೆ ಬಾಲ ಕೊಯ್ದು, ನಿಯಮದಂತೆ ಗೊಣಗುತ್ತ. ಕಾರ್ಖಾನೆಯ ಪದ್ಧತಿಯಂತೆ ಎರಡನ್ನು ಸ್ಯಾಂಪಲ್ ಎಂದು ತೆಗೆದು ಲೋಟದಡಿ ಮುಚ್ಚಿಟ್ಟೆ. ಹನ್ನೊಂದಕ್ಕೆ ಲೋಟ ಎತ್ತಿದರೆ ಎರಡೂ ತಿಳಿ ಗುಲಾಬಿ. ಇಡೀ ಲಾಟ್, ಅಂದರೆ ಒಟ್ಟಿಗೆ ಬಂದ ಮಾಲೆಲ್ಲ, ಪಾಸ್. ಪರೀಕ್ಷೆಗೆ ಹೋದದ್ದು ಪಲ್ಯಕ್ಕೆ ಬರಬಾರದು, ಆದ್ದರಿಂದ ಆ ಎರಡನ್ನು ಬಿಸಾಕಿದೆ. ಮೊರದಲ್ಲಿ ಎಂಟು ಉಳಿದವು. ಒಂದು ಸಾಲಿನಲ್ಲಿ ಐದು, ಇನ್ನೊಂದರಲ್ಲಿ ಮೂರು. ನೋಡಲು ಹಲ್ಲು ಬಿದ್ದ ಬಾಯಿಯ ಹಾಗಿತ್ತು.

ಆಗ ಯಜಮಾನರು ಹೊರಗಿನಿಂದ ಬಂದರು. ಟವೆಲ್ಲಿನಲ್ಲಿ ಎರಡು ಅಣಬೆ.

“ತಗೋಳ್ರಿ ಇನ್‌ಸ್ಪೆಕ್ಟರ್ ಬಾಯಾರ. ನಿಮ್ಮ ಸಾಲು ಪೂರಾ ಆಗ್ಲಿ.”

“ಎಲ್ಲಿಂದ ತಂದ್ರಿ?”

“ಮತ್ತೆಲ್ಲಿಂದ? ಅದ ಹುತ್ತದ ಹತ್ರ. ಬಾಲ ಅಲ್ಲೇ ಕೊಯ್ದು ತಂದೀನಿ, ನಿಯಮದ ಪ್ರಕಾರ.”

ಗಡಿಯಾರದಲ್ಲಿ ಹನ್ನೊಂದೂ ಹದಿಮೂರು. ಇನ್ನೆರಡು ನಿಮಿಷಕ್ಕೆ ಒಲೆ ಹಚ್ಚಬೇಕು. ಬಿಳಿಯಾಗಿದ್ದವು, ಅಂಗೈಯಗಲ ಇದ್ದವು, ನೆತ್ತಿ ಕೊಂಚ ಮೊಂಡಾಗಿತ್ತು; ಎಲ್ಲರ ತಲೆಯೂ ಒಂದೇ ಆಕಾರ ಇರುತ್ತದೆಯೇ ಅಂದುಕೊಂಡೆ. ಕಾಂಡದಲ್ಲಿ ಬಳೆ ಇದೆಯೇ ಎಂದು ತಿರುಗಿಸಿ ನೋಡದೆ ಎರಡನ್ನೂ ಸಾಲಿಗಿಟ್ಟೆ. ಐದು, ಐದು. ಕಣ್ಣಿಗೆ ಎಷ್ಟು ಹಿತವಾಯಿತೆಂದರೆ ಒಂದು ಕ್ಷಣ ನಿಂತು ನೋಡಿದೆ.

ಶ್ರಾವಣ ಸೋಮವಾರ ನನಗೆ ಒಪ್ಪೊತ್ತು, ಮಧ್ಯಾಹ್ನ ಬರೀ ಅವಲಕ್ಕಿ ಮಜ್ಜಿಗೆ. ಅವರಿಗೆ ಆರು ಅಣಬೆ ಹಾಕಿ ಪಲ್ಯ ಮಾಡಿದೆ. ನಾಲ್ಕನ್ನು ನನ್ನ ಮಂಗಳವಾರಕ್ಕೆಂದು ಮೊರದಲ್ಲೇ ಒಂದರ ಮೇಲೊಂದಿಟ್ಟು ಒದ್ದೆ ಬಟ್ಟೆ ಮುಚ್ಚಿದೆ. ಅವರು ಎರಡು ರೊಟ್ಟಿ ಹೆಚ್ಚಿಗೆ ತಿಂದು, “ಇದಕ್ಕ ಒಂದು ಪಾಸ್ ಚೀಟಿ ಅಂಟಿಸು,” ಅಂದರು.

ಎರಡು ಗಂಟೆಗೆ ವಾಂತಿ ಶುರುವಾಯಿತು. ಮೂರಕ್ಕೆ ಅವರು ಬಚ್ಚಲುಮನೆ ಬಿಟ್ಟು ಬರಲೇ ಇಲ್ಲ. ಮೂರೂವರೆಗೆ ಆಟೋದಲ್ಲಿ ಕ್ಲಿನಿಕ್ಕಿಗೆ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ಕೈ ಹಿಡಿದಿದ್ದರು. ಮದುವೆಯಾದ ಹೊಸತರಲ್ಲಿ ಒಮ್ಮೆ ಬಿಟ್ಟರೆ ಹಾಗೆ ಹಿಡಿದದ್ದು ಇದೇ ಮೊದಲು. ಎರಡು ಬಾಟಲಿ ಸಲೈನ್ ಏರಿಸಿದರು. ಪ್ರಾಣಕ್ಕೇನೂ ಭಯವಿಲ್ಲ, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಹೋಗಿದೆ ಎಂದು ಡಾಕ್ಟರು ಹೇಳುವವರೆಗೆ ನನ್ನ ಗಡಿಯಾರ ನಿಂತೇ ಇತ್ತು.

ಸಂಜೆ ನಾವು ಮನೆಗೆ ಬರುವಷ್ಟರಲ್ಲಿ ಕಾಲೊನಿ ತನ್ನ ತೀರ್ಪು ಕೊಟ್ಟಾಗಿತ್ತು. ಕಾವಲಿನವನು ತೆಲುಗಿನಲ್ಲಿ “ಪುಟ್ಟಗೊಡುಗುಲು, ಪುಟ್ಟಗೊಡುಗುಲು” ಎಂದು, ಅಂದರೆ ಅಣಬೆ ಅಣಬೆ ಎಂದು, ಎರಡೂ ಗೇಟಿಗೆ ಸುದ್ದಿ ಮುಟ್ಟಿಸಿದ್ದ. ಕಾಲೊನಿ ಸಂಘದ ಕಾರ್ಯದರ್ಶಿಗಳು ನಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಅವರು ಯಜಮಾನರ ಹಳೆಯ ಸಹೋದ್ಯೋಗಿ. ಮನೆಮಾತು ತೆಲುಗು, ಬೆಂಗಳೂರಿನಲ್ಲಿ ಆರು ವರ್ಷ ಇದ್ದುದರಿಂದ ಕನ್ನಡ ಬರುತ್ತದೆ.

“ಮೇಡಂ ಗಾರು, ಆ ಹೆಂಗಸಿನ ಕಾರ್ಡು ಕ್ಯಾನ್ಸಲ್. ಹಿಂದಿನ ಗೇಟಿಗೆ ಬೀಗ. ಭಾನುವಾರ ಮೀಟಿಂಗಲ್ಲಿ ಪಾಸ್ ಮಾಡಿಬಿಡ್ತೀವಿ. ಕಾಡಿಂದ ಏನೂ ಒಳಗೆ ಬರಬಾರದು.”

“ಇನ್ನೂ ವಿಚಾರಣೆ ಆಗಿಲ್ಲ,” ಅಂದೆ.

“ವಿಚಾರಣೆ ಯಾಕಂಡಿ? ಒಳ್ಳೇದು ಯಾವುದು, ವಿಷ ಯಾವುದು ಅಂತ ಯಾರು ಬೇಕಾದರೂ ನೋಡಿ ಹೇಳಬಹುದು. ಅವಳಿಗೆ ಗೊತ್ತಾಗಲಿಲ್ಲವಾ?”

ಮರುದಿನ ಬೆಳಿಗ್ಗೆ ಆಕೆ ಬಂದಳು. ಮುಖ ಊದಿತ್ತು. ಪಾತ್ರೆ ಮುಟ್ಟದೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

“ಸಾಹೇಬ್ರು ಹೆಂಗದಾರ್ರಿ?”

“ಗಂಜಿ ಕುಡದು ಬೈಯಾಕತ್ತಾರ. ಅಂದ್ರ ಆರಾಮ ಅದಾರ.”

“ಅಮ್ಮಾರ, ಕಾರ್ಡು ಹೋದ್ರ ಮೂರು ಮನಿ ಕೆಲಸನೂ ಹೋತು, ಹುಲ್ಲಿನ ಕೆಲಸನೂ ಹೋತು. ಮಗಳ ಸಾಲಿ ಇಲ್ಲೇ ಮುಂದಿನ ಗೇಟಿನ ಹತ್ರ ಐತಿ. ಮತ್ತ ರಾಯಚೂರಿನ ಬಸ್ಸು ಹತ್ತೂದ ನಾವು. ಹತ್ತತೀನಿ, ಅದಕ್ಕ ಅಂಜೂದಿಲ್ಲ. ಆದ್ರ ನಾಯಿಕೊಡಿ ತಿನಿಸಿದಾಕಿ ಅನಿಸಿಕೊಂಡು ಹತ್ತೂದಿಲ್ಲ. ನಮ್ಮವ್ವ ನನಗ ನಡ್ಯಾಕ ಕಲಿಸೂಕಿಂತ ಮೊದ್ಲ ಅಣಬಿ ಆರಿಸಾಕ ಕಲಿಸ್ಯಾಳ.”

ನಾನು ಮೊರದ ಬಟ್ಟೆ ತೆಗೆದೆ. ನಾಲ್ಕು ಅಣಬೆ ಹಾಗೆಯೇ ಇದ್ದವು. ಮೇಲಿನದನ್ನು ಎತ್ತಿದೆ. ಅದರ ಕೆಳಗಿದ್ದ ಅಣಬೆಯ ಬಿಳಿ ನೆತ್ತಿಯ ಮೇಲೆ ಯಾರೋ ಪೌಡರು ಹಾಕಿದಂತೆ ಪುಡಿ ಬಿದ್ದಿತ್ತು. ಹಸಿರು ಪುಡಿ.

ಆಕೆ ಮೇಲಿನದನ್ನು ಕೈಗೆ ತಗೊಂಡು ಬುಡ ನೋಡಿದಳು. “ಇದು ನಂದಲ್ರಿ. ಇದಕ್ಕ ಬಾಲ ಕೊಯ್ದಿಲ್ಲ, ಗಡ್ಡಿ ಕೊಯ್ದಾರ. ಇಲ್ಲಿ ನೋಡ್ರಿ, ಉಬ್ಬೈತಿ.” ಕಾಂಡದ ಬಳೆಯನ್ನು ಬೆರಳಿನಿಂದ ಮೇಲೆ ಕೆಳಗೆ ಜಾರಿಸಿ ತೋರಿಸಿದಳು. “ಯಾರ ತಂದ್ರು ಇದನ್ನ?”

ಒಳಗಿನ ಕೋಣೆಯಲ್ಲಿ ಗಂಜಿ ಕುಡಿಯುವ ಸದ್ದು ಥಟ್ಟನೆ ನಿಂತಿತು.

ನಾನು ಕೋಣೆಗೆ ಹೋಗಿ ಮಂಚದ ಎದುರು ನಿಂತೆ. ಸ್ಟೋರ್ಸಿನಲ್ಲಿ ಲೆಕ್ಕ ತಪ್ಪಿದಾಗ ಯಾವ ಮುಖ ಮಾಡುತ್ತಿದ್ದರೋ ಅದೇ ಮುಖ.

“ಯಾವ ಹುತ್ತದ ಹತ್ರ ತಂದ್ರಿ?”

“ಹುತ್ತ ಅಂದ್ರ... ಬ್ಯಾಡ್ಮಿಂಟನ್ ಕೋರ್ಟಿನ ಬಾಜೂಕ ಒಂದು ಸಣ್ಣ ದಿಬ್ಬ ಐತಲ್ಲ.”

“ಅದು ಕಸ ಸುರಿದ ದಿಬ್ಬ.”

“ಕಾಡಿಗೆ ಹೋಗಾಕ ಕೆಸರಿತ್ತು. ನಿನ್ನ ಮೊರ ನೋಡಿ ಮನಸ್ಸಿಗೆ ಕೆಟ್ಟನಿಸ್ತು, ಎಂಟ ಇದ್ವು.” ಗಂಜಿಯ ಬಟ್ಟಲು ಕೆಳಗಿಟ್ಟು, “ಮೀಟಿಂಗಿನಾಗ ನನ್ನ ಹೆಸರ ಹೇಳಬ್ಯಾಡ. ವಾಕಿಂಗಿನಾಗ ಮಂದಿ ಜೀವಾ ತಿಂತಾರ.”

ಅವರಿಗೆ ಶಿಕ್ಷೆ ಆಗಿಯೇ ಆಗಿತ್ತು, ಅದೂ ಎರಡು ಬಾಟಲಿ. ನಾನು ಹಿಂದಿರುಗಿ ಬಂದು ಮೊರದ ಎದುರು ಕೂತೆ. ಮೂವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದೂ ಕೆಟ್ಟ ತುಣುಕು ಹೊರಗೆ ಹೋಗಿಲ್ಲ ಎಂದು ಬೀಳ್ಕೊಡುಗೆಯ ದಿನ ಎಲ್ಲರೆದುರು ಹೇಳಿಸಿಕೊಂಡವಳು ನಾನು. ಪಾಸಾದ ಲಾಟಿಗೆ ಹೊಸ ಮಾಲು ಬೆರೆಸಬಾರದು ಎಂಬುದು ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠ. ಬೆರೆಸಿದೆ. ಯಾಕೆ? ಸಾಲು ಚೆಂದ ಕಾಣಲಿ ಎಂದು. ಬಾಲ ಇದ್ದಿದ್ದರೆ ಬಾಲವಿಲ್ಲದ್ದು ಒಂದೇ ನೋಟಕ್ಕೆ ಸಿಕ್ಕಿಬೀಳುತ್ತಿತ್ತು. ಅದನ್ನೂ ಕತ್ತರಿಸಿಟ್ಟಿದ್ದೆ, ಕಟ್ಟೆ ಚೊಕ್ಕಟವಾಗಿರಲಿ ಎಂದು.

“ಭಾನುವಾರ ಒಂಬತ್ತೂ ಮುಕ್ಕಾಲಿಗೆ ಬಾ,” ಎಂದೆ ಆಕೆಗೆ. “ಬರೂವಾಗ ಹುತ್ತದ್ದೊಂದು ಅಗದು ತಗೊಂಡು ಬಾ. ಬಾಲದ ಸಮೇತ.”

“ಮಣ್ಣು?”

“ಮಣ್ಣಿನ ಸಮೇತ.”

ಆಕೆ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಇದೆಯೇ ಎಂದು.

ಭಾನುವಾರ ಹತ್ತಕ್ಕೆ ಸಂಘದ ಸಭಾಂಗಣದಲ್ಲಿ ಮೀಟಿಂಗ್. ಮೂವತ್ತು ಕುರ್ಚಿ, ಐವತ್ತು ಜನ. ಕಾರ್ಡು ರದ್ದು ಮಾಡುವ ವಿಷಯ ಪಟ್ಟಿಯಲ್ಲಿ ಮೊದಲನೆಯದು. ಆಕೆ ಹಿಂದಿನ ಬಾಗಿಲ ಬಳಿ, ಕಾರ್ಡನ್ನು ಕೊರಳಲ್ಲೇ ಹಾಕಿಕೊಂಡು, ಕೈಚೀಲ ಹಿಡಿದು ನಿಂತಿದ್ದಳು. ಯಜಮಾನರು ಕೊನೆಯ ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯರ ಹಿಂದೆ ಕೂತಿದ್ದರು.

ಚರ್ಚೆ ಶುರುವಾಗುವ ಮೊದಲು ಐದು ನಿಮಿಷ ಬೇಡಿ ಮೇಜಿನ ಬಳಿ ಹೋದೆ. ಪೇಪರು ಹಾಸಿ ಎರಡು ಬಿಳಿ ಅಣಬೆ ಇಟ್ಟೆ, ಒಂದು ಆಕೆ ತಂದದ್ದು, ಒಂದು ಆ ಬೆಳಿಗ್ಗೆ ನಾನೇ ಕಿತ್ತದ್ದು. ಎರಡರ ಬುಡವನ್ನೂ ಬಾಗಿಲ ಹೊರಗೇ ಕತ್ತರಿಸಿ ಚೀಲಕ್ಕೆ ಹಾಕಿಕೊಂಡಿದ್ದೆ.

“ಯಾರು ಬೇಕಾದರೂ ನೋಡಿ ಹೇಳಬಹುದು ಅಂದಿದ್ದಿರಿ,” ಎಂದೆ ಕಾರ್ಯದರ್ಶಿಗಳಿಗೆ. “ಯಾವುದು ಒಳ್ಳೇದು, ನೀವೇ ಆರಿಸಿ.”

ಅವರು ಕನ್ನಡಕ ಏರಿಸಿದರು. ಇಡೀ ಸಭೆ ಕತ್ತು ಚಾಚಿತು. ಒಂದು ತುಸು ಮಣ್ಣು ಬಣ್ಣಕ್ಕಿತ್ತು, ಅಂಚು ಸೀಳಿತ್ತು. ಇನ್ನೊಂದು ಹಾಲಿನಂತೆ ಬೆಳ್ಳಗೆ, ದುಂಡಗೆ, ನೀಟಾಗಿತ್ತು. ಅವರು ದುಂಡಗಿನದನ್ನು ಎತ್ತಿದರು. “ಇದೇ. ನೋಡಿದರೆ ಗೊತ್ತಾಗಲ್ವಾ?”

“ಸರ್, ನಮ್ಮ ಯಜಮಾನರಿಗೆ ಎರಡು ಬಾಟಲಿ ಸಲೈನ್ ಏರಿಸಿದ್ದು ಇದೇ ಜಾತಿ.”

ಅವರು ಅದನ್ನು ಬಿಸಿ ತಟ್ಟೆಯಂತೆ ಮೇಜಿಗೆ ಹಾಕಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ನಾನು ಚೀಲದಿಂದ ಬುಡಗಳನ್ನು ತೆಗೆದು ಆಯಾ ಅಣಬೆಗೆ ಜೋಡಿಸಿದೆ. ಒಂದಕ್ಕೆ ಮೊಳದುದ್ದದ ಬಾಲ, ಒಂದಕ್ಕೆ ಉಳ್ಳಾಗಡ್ಡಿಯಂಥ ಗಡ್ಡೆ. ಸಂಘದ ಬಿಳಿ ಮೇಜುಬಟ್ಟೆಯ ಮೇಲೆ ಕೆಂಪು ಮಣ್ಣು ಉದುರಿತು. ಒರೆಸಬೇಕೆಂದು ಕೈ ತಾನಾಗಿ ಹೋಯಿತು, ತಡೆದುಕೊಂಡೆ.

“ಬಾಲ ಇದ್ದದ್ದು ಕಾಡಿನದು. ಈಕೆ ತಂದದ್ದು. ಇದರಿಂದ ಯಾರಿಗೂ ಏನೂ ಆಗಿಲ್ಲ. ನೀವು ಪಾಸ್ ಮಾಡಿದ್ದು ನಮ್ಮ ಬ್ಯಾಡ್ಮಿಂಟನ್ ಕೋರ್ಟಿನ ಪಕ್ಕದ್ದು. ಹಿಂದಿನ ಗೇಟಿಗೆ ಬೀಗ ಹಾಕಿದರೆ ಅದು ಒಳಗೇ ಇರುತ್ತದೆ. ಅದಕ್ಕೆ ಕಾರ್ಡೂ ಬೇಕಾಗಿಲ್ಲ.”

ಯಾರೋ ನಕ್ಕರು. ಕಾರ್ಯದರ್ಶಿಗಳು ಕೇಳಿದರು, “ಹಾಗಾದರೆ ಕೋರ್ಟಿಂದ ನಿಮ್ಮ ಅಡುಗೆಮನೆಗೆ ಯಾರು ತಂದರು?”

ಕೊನೆಯ ಸಾಲಿನಲ್ಲಿ ದಪ್ಪ ಮನುಷ್ಯರ ಹಿಂದಿನ ತಲೆ ಇನ್ನೂ ಕೆಳಗಿಳಿಯಿತು.

“ಯಾರು ತಂದರೆ ಏನು? ಮಾಲು ಯಾರಾದರೂ ತರುತ್ತಾರೆ. ಪಾಸ್ ಮಾಡಿದವಳು ನಾನು. ಬಾಲ ಕತ್ತರಿಸಬೇಡಿ ಎಂದು ಈಕೆ ಮೂರು ಮಳೆಗಾಲದಿಂದ ಹೇಳುತ್ತಿದ್ದಳು, ನಾನು ಕೇಳಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬಂದ ಎರಡನ್ನು ಪರೀಕ್ಷೆಯಿಲ್ಲದೆ ಸೇರಿಸಿದೆ.” ಪರ್ಸಿನಿಂದ ಕೆಂಪು ಚೀಟಿ ತೆಗೆದು ‘ರಿಜೆಕ್ಟ್’ ಎಂದು ಬರೆದು, ಸಹಿ ಮಾಡಿ, ನನ್ನ ಸೀರೆಯ ಸೆರಗಿಗೇ ಪಿನ್ನು ಹಾಕಿಕೊಂಡೆ. “ಕಾರ್ಡು ರದ್ದಾಗಬೇಕಾದರೆ ನನ್ನದಾಗಲಿ. ಆಮೇಲೆ ನಿಮ್ಮದು, ಸರ್. ನೀವೂ ಈಗ ತಾನೆ ಪಾಸ್ ಮಾಡಿದಿರಲ್ಲ.”

ಆಗ ದಪ್ಪ ಮನುಷ್ಯರ ಹಿಂದಿನಿಂದ ಒಂದು ಕೈ ಮೇಲೆದ್ದಿತು. “ತಂದಾಂವ ನಾನ್ರಿ,” ಅಂದರು ಯಜಮಾನರು. ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ, ಯಾರಿಗೂ ಅನುಮಾನ ಉಳಿಯದಂತೆ ತೆಲುಗಿನಲ್ಲಿ. ಹೇಳಬೇಡ ಎಂದು ಬೇಡಿಕೊಂಡವರೇ ಮೂರು ಭಾಷೆಯಲ್ಲಿ ಹೇಳಿದರು. ಸಭೆ ನಗೆಯಲ್ಲಿ ಮುಳುಗಿತು. ಆ ಗದ್ದಲದಲ್ಲೇ ಕಾರ್ಯದರ್ಶಿಗಳು ಪಟ್ಟಿಯ ಮೊದಲ ವಿಷಯಕ್ಕೆ ಅಡ್ಡಗೆರೆ ಎಳೆದರು. ಕಾರ್ಡು ಉಳಿಯಿತು, ಹಿಂಬಾಗಿಲೂ ಉಳಿಯಿತು. ಹುಲ್ಲಿನಲ್ಲಿ ಏಳುವ ನಾಯಿಕೊಡೆಗಳನ್ನು ಗುರುತು ಹಿಡಿದು ಕೀಳಿಸುವ ಕೆಲಸ ಆಕೆಗೇ ಬಂತು.

“ಅದಕ್ಕೂ ನಾನ ಬೇಕಾದ್ನೇನ್ರಿ?” ಎಂದಳು ಆಕೆ ಬಾಗಿಲಿನಿಂದಲೇ. “ನಿನ್ನೆ ತನಕ ನನಗ ಅಣಬಿ ಗೊತ್ತಿದ್ದಿಲ್ಲ!”

ಕಾರ್ಯದರ್ಶಿಗಳು ನೀರು ಕುಡಿದರು. ಸೆರಗಿನ ಚೀಟಿಯನ್ನು ನಾನು ಮನೆಗೆ ಬಂದು ಫ್ರಿಜ್ಜಿಗೆ ಅಂಟಿಸಿದೆ.

ಈ ಮಳೆಗಾಲದಲ್ಲಿ ಮೊದಲ ಗುಡುಗು ಬಂದ ಮರುದಿನ ಆಕೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಸೆರಗು ಬಿಚ್ಚಿದಳು. ಬಾಲ, ಮಣ್ಣು, ಎರಡು ಗೆದ್ದಲು, ಎಲ್ಲವೂ ಬಂದವು. ನಾನು ಕುರ್ಚಿಯಲ್ಲಿ ಕೈಕಟ್ಟಿ ಕೂತೆ. ಒಂದೊಂದನ್ನೇ ಎತ್ತಿ, ಬಾಲ ನೋಡಿ, ನನಗೂ ತೋರಿಸಿ, ಆಕೆಯೇ ಕೊಯ್ದಳು. ನನ್ನ ಲೋಟ, ಡ್ರಾಯಿಂಗ್ ಶೀಟುಗಳನ್ನೂ ಆಕೆ ಬೇಡ ಅನ್ನಲಿಲ್ಲ. “ಇಡ್ರಿ, ಇಡ್ರಿ. ನಿಮಗೂ ಹೊತ್ತು ಹೋಗಬೇಕಲ್ಲ,” ಅಂದಳು.

ಒಂಬತ್ತು ಇದ್ದವು. ಒಂದು ಸಾಲಿನಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ಯಜಮಾನರು ಮೊರ ನೋಡಿದರು, ಆಮೇಲೆ ಕಿಟಕಿಯಾಚೆ ಬ್ಯಾಡ್ಮಿಂಟನ್ ಕೋರ್ಟಿನ ಕಡೆ ನೋಡಿದರು. ನಾನೂ ಆಕೆಯೂ ಒಟ್ಟಿಗೆ ಅವರ ಕಡೆ ತಿರುಗಿದೆವು.

“ನಾ ಏನೂ ಅನ್ಲಿಲ್ಲಪಾ,” ಎಂದು ಅವರು ಪೇಪರು ಎತ್ತಿಕೊಂಡರು.

ಒಂಬತ್ತನ್ನೇ ಬೇಯಿಸಿದೆ. ಮಣ್ಣು ಒರೆಸಿ ಮುಗಿಸುವಷ್ಟರಲ್ಲಿ ಒಲೆ ಹಚ್ಚಲು ಹನ್ನೊಂದೂ ಇಪ್ಪತ್ತಾಯಿತು. ಊಟ ಐದು ನಿಮಿಷ ತಡ.